ಇನಾಸ್ ಪೊರ್ಬುಗಳ ಎದುರಿನ ಹಲ್ಲು

ಇನಾಸ್ ಪೊರ್ಬುಗಳ ಬಲಗೈಯ ಮೂರು ಬೆರಳುಗಳು ಎಂದೂ ಸುಮ್ಮನಿರುತ್ತಿರಲಿಲ್ಲ. ತೋರುಬೆರಳು, ನಡುಬೆರಳು, ಉಂಗುರದ ಬೆರಳು. ಬಸ್ಸಿನಲ್ಲಿ ಕುಳಿತರೆ ಮುಂದಿನ ಸೀಟಿನ ಕಂಬಿಯ ಮೇಲೆ, ಹೊಲಿಯುತ್ತಿದ್ದರೆ ಮೆಷಿನಿನ ಹಲಗೆಯ ಮೇಲೆ, ಯಾರದಾದರೂ ಮಾತು ಕೇಳುತ್ತ ನಿಂತಿದ್ದರೆ ತಮ್ಮದೇ ತೊಡೆಯ ಮೇಲೆ ಅವು ಏಳುತ್ತ ಬೀಳುತ್ತ ಇರುತ್ತಿದ್ದವು. ಟ್ರಂಪೆಟ್ಟಿಗೆ ಇರುವುದು ಮೂರೇ ಗುಂಡಿಗಳು, ಆ ಮೂರರಲ್ಲಿ ಲೋಕದ ಹಾಡುಗಳೆಲ್ಲ ಅಡಗಿವೆ ಎಂದು ನನಗೆ ತಿಳಿದದ್ದು ಅವರ ಮನೆಯಲ್ಲಿ ಬಾಡಿಗೆಗೆ ಇದ್ದ ಮೇಲೆ. ಅಲ್ಲಿಯವರೆಗೆ ಅದೊಂದು ನರದ ಕಾಯಿಲೆ ಎಂದೇ ನಾನು ಭಾವಿಸಿದ್ದೆ.

ನಾನು ಕಾಪುವಿನವಳು. ಎಪ್ಪತ್ತರ ದಶಕದ ಕೊನೆಯಲ್ಲಿ ಕಾರ್ಕಳದ ಒಂದು ಪ್ರಾಥಮಿಕ ಶಾಲೆಯಲ್ಲಿ ಕೆಲಸ ಸಿಕ್ಕಿತು. ದಿನಾ ಹೋಗಿಬರಲು ದೂರವಾದ್ದರಿಂದ ಪೊರ್ಬುಗಳ ಮನೆಗೆ ಅಂಟಿಕೊಂಡಿದ್ದ ಒಂದು ಕೋಣೆಯಲ್ಲಿ ಉಳಿದುಕೊಂಡೆ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಕೂಡಲೇ ಉಡುಪಿಯ ಬಸ್ಸು ಹಿಡಿದು ಊರಿಗೆ ಹೋಗುವುದು, ಸೋಮವಾರ ಬೆಳಿಗ್ಗೆ ಮರಳುವುದು. ನಮ್ಮ ಕಡೆ ತುಳು ಮಾತಾಡುವವರು ಕ್ರಿಶ್ಚಿಯನ್ ಗಂಡಸರನ್ನು ಪೊರ್ಬುಗಳು ಎಂದೂ ಹೆಂಗಸರನ್ನು ಬಾಯಮ್ಮ ಎಂದೂ ಕರೆಯುವುದು ವಾಡಿಕೆ. ಹಾಗಾಗಿ ಅವರು ನನಗೆ ಇನಾಸ್ ಪೊರ್ಬುಗಳು, ಅವರ ಹೆಂಡತಿ ಕಾರ್ಮಿನ್ ಬಾಯಮ್ಮ. ನಾನು ಅವರಿಬ್ಬರಿಗೂ ಬರೇ ‘ಟೀಚರ್’. ಮಕ್ಕಳಿಲ್ಲದ ಮನೆ. ಇಬ್ಬರಿಗೂ ಐವತ್ತು ದಾಟಿತ್ತು.

ಪೊರ್ಬುಗಳು ಹೊಟ್ಟೆಪಾಡಿಗೆ ಟೈಲರ್. ಮನೆಯ ಚಾವಡಿಯೇ ಅವರ ಅಂಗಡಿ. ಪ್ಯಾಂಟಿನ ಅಳತೆ ಕೊಡಲು ಬಂದವರು ಹೊಟ್ಟೆ ಒಳಗೆಳೆದು ನಿಂತರೆ ಟೇಪು ಹಿಡಿದುಕೊಂಡೇ ಕಾಯುತ್ತಿದ್ದರು. “ಉಸಿರು ಬಿಡಿ ಮಾರಾಯ್ರೆ. ಪ್ಯಾಂಟು ಹಾಕಿಕೊಂಡ ಮೇಲೆ ನಿಮಗೆ ಉಸಿರಾಡ್ಲಿಕ್ಕೆ ಉಂಟಲ್ವಾ?” ಎನ್ನುತ್ತಿದ್ದರು. ಆದರೆ ಊರಿನಲ್ಲಿ ಅವರ ಹೆಸರು ಇದ್ದದ್ದು ಬ್ಯಾಂಡ್ ಸೆಟ್ಟಿನಿಂದ. ಹನ್ನೊಂದು ಜನರ ಆ ಬ್ಯಾಂಡಿಗೆ ಅವರೇ ಗುರಿಕ್ಕಾರರು ಎಂದರೆ ಮುಖ್ಯಸ್ಥರು, ಅವರೇ ಮೊದಲ ಟ್ರಂಪೆಟ್. ಎಲ್ಲರ ಬಿಳಿ ಅಂಗಿ, ಕೆಂಪು ಪಟ್ಟಿಯ ಪ್ಯಾಂಟು ಅವರದೇ ಹೊಲಿಗೆ. ಹಿಂದೂಗಳ ದಿಬ್ಬಣಕ್ಕೂ ಕ್ರಿಶ್ಚಿಯನ್ನರ ಮದುವೆಗೂ ಅಜೆಕಾರಿನಿಂದ ಪಡುಬಿದ್ರಿಯ ತನಕ ಅವರಿಗೆ ಕರೆ ಬರುತ್ತಿತ್ತು. ಅವರಿಗೆ ಮನಸ್ಸಿನೊಳಗೆ ಇಷ್ಟವಾದದ್ದು ಮಾತ್ರ ಮರಣದ ಮೆರವಣಿಗೆ. “ಮದುವೆಯಲ್ಲಿ ಜನರ ತಲೆಯಲ್ಲಿ ಊಟ ಇರ್ತದೆ ಟೀಚರ್. ಬ್ಯಾಂಡು ಯಾರಿಗೆ ಬೇಕು? ಮರಣದಲ್ಲಿ ಹಾಗಲ್ಲ. ಮರಣದಲ್ಲಿ ಒಬ್ಬೊಬ್ಬರೂ ಕೇಳ್ತಾರೆ.”

ಅವರು ಊದುವುದನ್ನು ನಾನು ಮೊದಲು ಕೇಳಿದ್ದು ಅಂಥದೊಂದು ಮೆರವಣಿಗೆಯಲ್ಲೇ. ನಮ್ಮ ಶಾಲೆಯ ಹಳೆಯ ಅಡುಗೆಯಾಕೆ ತೀರಿಕೊಂಡಿದ್ದಳು. ಮನೆಯಿಂದ ಇಗರ್ಜಿಗೆ, ಅಂದರೆ ಚರ್ಚಿಗೆ, ಹೋಗುವ ಏರುದಾರಿಯಲ್ಲಿ ಡೋಲು ನಿಧಾನವಾಗಿ ಬಡಿಯುತ್ತಿತ್ತು. ಆಮೇಲೆ ಟ್ರಂಪೆಟ್ ಎತ್ತಿಕೊಂಡಿತು. ದೇವಮಾತೆಯ ಮೇಲಿನ ಒಂದು ಹಳೆಯ ಕೊಂಕಣಿ ಹಾಡು. ನನಗೆ ಆಗ ಕೊಂಕಣಿಯ ಒಂದಕ್ಷರ ಬರುತ್ತಿರಲಿಲ್ಲ. ಆದರೂ ಸೆರಗಿನಿಂದ ಮುಖ ಮುಚ್ಚಿಕೊಂಡೆ. ಹಿತ್ತಾಳೆಯ ಒಂದು ಕೊಳವೆ ಮನುಷ್ಯರ ಹಾಗೆ ಗಂಟಲು ಕಟ್ಟಿಸಿಕೊಳ್ಳಬಹುದೆಂದು ನಾನು ಎಣಿಸಿರಲಿಲ್ಲ.

ಕಾರ್ಮಿನ್ ಬಾಯಮ್ಮನದು ಸಣಕಲು ದೇಹ, ಹರಿತ ನಾಲಗೆ. ಸಣ್ಣವರಿರುವಾಗ ಬಂದ ಯಾವುದೋ ಜ್ವರ ಅವರ ಹೃದಯದ ಕವಾಟವನ್ನು ಹಾಳುಮಾಡಿತ್ತು. ಬಾವಿಯಿಂದ ಒಂದು ಕೊಡ ನೀರು ತಂದರೆ ಮೆಟ್ಟಿಲ ಮೇಲೆ ಕುಳಿತು ಸುಧಾರಿಸಿಕೊಳ್ಳಬೇಕು. ಆಪರೇಷನ್ನಿಗೆ ದೇಹ ತಡೆಯದು ಎಂದು ಉಡುಪಿಯ ಡಾಕ್ಟರು ಹೇಳಿ ವರ್ಷಗಳೇ ಆಗಿದ್ದವು. ಅದನ್ನು ಆಕೆ ಮುಚ್ಚಿಟ್ಟವರಲ್ಲ. ನನ್ನೆದುರೇ ಗಂಡನಿಗೆ ಹೇಳುತ್ತಿದ್ದರು: “ಊರಿನವರಿಗೆಲ್ಲ ಊದಿದ್ದೀರಿ. ನನಗೂ ನೀವೇ ಊದಬೇಕು. ಗ್ರೆಗೋರಿಯ ಕೈಗೆ ಮಾತ್ರ ಕೊಡಬೇಡಿ. ಅವನು ಮೇಲಿನ ಸ್ವರಕ್ಕೆ ಹೋದರೆ ಹುಂಜ ಕೂಗಿದ ಹಾಗೆ ಕೇಳ್ತದೆ.” ಗ್ರೆಗೋರಿ ಎಂದರೆ ಪೊರ್ಬುಗಳ ಚಿಕ್ಕಪ್ಪನ ಮಗ, ಬ್ಯಾಂಡಿನ ಎರಡನೆಯ ಟ್ರಂಪೆಟ್. ಆತ ಎದುರಿಗೇ ಇದ್ದರೂ ಬಾಯಮ್ಮ ಹೀಗೇ ಹೇಳುತ್ತಿದ್ದರು, ಆತನೂ ನಗುತ್ತಿದ್ದ. ಪೊರ್ಬುಗಳು ಮಾತ್ರ ನಗುತ್ತಿರಲಿಲ್ಲ. “ನಿನಗೆ ಬೇರೆ ಮಾತು ಇಲ್ವಾ?” ಎಂದು ಎದ್ದು ಹೋಗುತ್ತಿದ್ದರು.

ಎಂಬತ್ತರ ಮೇಲೆ ಒಂದೋ ಎರಡೋ ವರ್ಷ ಕಳೆದಿರಬೇಕು. ಈಸ್ಟರಿಗೆ ಮೊದಲಿನ ಉಪವಾಸದ ಕಾಲ ಹಿಡಿಯಲು ಕೆಲವೇ ದಿನಗಳಿದ್ದವು. ಆ ನಲವತ್ತು ದಿನ ಕ್ರಿಶ್ಚಿಯನ್ನರಲ್ಲಿ ಮದುವೆ ಇಲ್ಲವಾದ್ದರಿಂದ ಅದರ ಹಿಂದಿನ ವಾರ ಬ್ಯಾಂಡಿನವರಿಗೆ ಬಿಡುವಿರುವುದಿಲ್ಲ. ಹಿರಿಯಡ್ಕದ ಒಂದು ಮದುವೆಯಲ್ಲಿ ಮದುಮಗನ ಗೆಳೆಯರು ಬ್ಯಾಂಡಿನ ಮುಂದೆ ಕುಣಿಯುತ್ತಿದ್ದರಂತೆ. ಕುಡಿದಿದ್ದ ಒಬ್ಬ ತಿರುಗಿದ ರಭಸಕ್ಕೆ ಅವನ ಮೊಣಕೈ ಪೊರ್ಬುಗಳ ಟ್ರಂಪೆಟ್ಟಿನ ಬಾಯಿಗೆ ಬಡಿಯಿತು. ಊದುವ ತುದಿ ತುಟಿಗೆ ಒತ್ತಿಕೊಂಡೇ ಇತ್ತಲ್ಲ, ಪೆಟ್ಟೆಲ್ಲ ಹಲ್ಲಿಗೆ ಹೋಯಿತು.

ಅವರು ಮನೆಗೆ ಬಂದಾಗ ನಾನು ಜಗಲಿಯಲ್ಲಿ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಬಿಳಿ ಅಂಗಿಯ ಮುಂಭಾಗ ರಕ್ತವಾಗಿತ್ತು. ಬಾಯಿಗೆ ಕರವಸ್ತ್ರ. ಕಿಸೆಯಿಂದ ಒಂದು ಸಣ್ಣ ತುಂಡು ತೆಗೆದು ಅಂಗೈಯಲ್ಲಿಟ್ಟು ಹೆಂಡತಿಗೆ ತೋರಿಸಿದರು. ಮೇಲಿನ ಸಾಲಿನ ನಟ್ಟನಡುವಿನ ಹಲ್ಲು. ಬಾಯಮ್ಮ ಅದನ್ನೂ ನೋಡಿದರು, ಗಂಡನ ಮುಖವನ್ನೂ ನೋಡಿದರು. ಯಾವತ್ತಿನಂತೆ ಬೈಯಲಿಲ್ಲ. “ತುಟಿಗೆ ಎಂತ ಆಗ್ಲಿಲ್ಲ ಅಲ್ವಾ?” ಎಂದಷ್ಟೇ ಕೇಳಿದರು. ಊದುವವನ ಹೆಂಡತಿ ಮೊದಲು ಕೇಳುವುದು ತುಟಿಯನ್ನು.

ಪೊರ್ಬುಗಳಿಗೆ ಆಸ್ಪತ್ರೆಯೆಂದರೆ ಮಕ್ಕಳ ಹಾಗೆ ಹೆದರಿಕೆ. ಶನಿವಾರ ನಾನು ಹೇಗೂ ಅದೇ ದಾರಿಯಲ್ಲಿ ಹೋಗುವವಳಾದ್ದರಿಂದ ಮಣಿಪಾಲದಲ್ಲಿ ಅವರ ಜೊತೆ ಇಳಿದುಕೊಂಡೆ. ಅಲ್ಲಿ ಹಲ್ಲಿನ ವಿಭಾಗದಲ್ಲಿ ಒಬ್ಬರು ಎಳೆಯ ಪ್ರಾಯದ ಡಾಕ್ಟರಮ್ಮ ಇದ್ದರು. ಉಡುಪಿಯ ಕೊಂಕಣಿಯವರು. ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದು ತೋರಿಸಿದರು. ಬೇರು ಗಟ್ಟಿ ಉಂಟು, ಆದರೆ ಹಲ್ಲು ಒಸಡಿನ ಒಳಗೆ ಮುರಿದಿದೆ. ಕ್ಯಾಪ್ ಹಿಡಿದುಕೊಳ್ಳಲು ಹೊರಗೆ ಏನೂ ಉಳಿದಿಲ್ಲ. ಮೊದಲು ಬೇರಿನ ಒಳಗನ್ನು ಶುದ್ಧಮಾಡಬೇಕು. ಆಮೇಲೆ ಒಸಡನ್ನೂ ಅದರಡಿಯ ಎಲುಬನ್ನೂ ಚೂರು ಕೆತ್ತಿ ಹಲ್ಲನ್ನು ಹೊರಗೆ ಕಾಣಿಸಬೇಕು. ಅದು ಮಾಗಿದ ಮೇಲೆ ಕ್ಯಾಪ್.

“ಮಾಗ್ಲಿಕ್ಕೆ ಎಷ್ಟು ದಿನ? ಹತ್ತು ದಿನ ಸಾಕಲ್ವಾ?” ಎಂದರು ಪೊರ್ಬುಗಳು.

“ಗಾಯ ಹತ್ತು ದಿನದಲ್ಲಿ ಒಣಗ್ತದೆ. ಆದರೆ ಒಸಡು ಕೊನೆಗೆ ಎಲ್ಲಿ ನಿಲ್ತದೆ ಅಂತ ಗೊತ್ತಾಗ್ಲಿಕ್ಕೆ ಎದುರಿನ ಹಲ್ಲಿಗೆ ಮೂರು ತಿಂಗಳಾದರೂ ಬೇಕು. ಅದು ಸ್ವಲ್ಪ ಮೇಲೆ ಸರಿಯಬಹುದು, ಸ್ವಲ್ಪ ಕೆಳಗೆ ಬರಬಹುದು. ಅದು ನಿಲ್ಲುವ ಮೊದಲು ಅಳತೆ ತೆಗೆದರೆ ಅಳತೆಯೇ ತಪ್ಪು.”

ಪೊರ್ಬುಗಳು ಸ್ವಲ್ಪ ಯೋಚಿಸಿದರು. “ಹೊಸ ಕಾಟನ್ ಬಟ್ಟೆಯನ್ನು ನೀರಿಗೆ ಹಾಕದೆ ಕತ್ತರಿಸಿದ ಹಾಗೆ.”

ಡಾಕ್ಟರಮ್ಮ ನಕ್ಕರು. “ಹಾಗೇ.”

“ಈಸ್ಟರಿಗೆ ಆಗ್ಲಿಕ್ಕಿಲ್ವಾ? ಉಪವಾಸದಲ್ಲಿ ಹೇಗೂ ನಮ್ಮವರ ಮದುವೆ ಇಲ್ಲ.”

“ಈಸ್ಟರ್ ಕಳೆದು ಇನ್ನೂ ಒಂದೂವರೆ ತಿಂಗಳು ಬೇಕಾದೀತು. ಅಲ್ಲಿಯವರೆಗೆ ಟೆಂಪರರಿ ಒಂದು ಕ್ಯಾಪ್ ಇಡ್ತೇನೆ, ನೋಡ್ಲಿಕ್ಕೆ ಮಾತ್ರ. ಅದರ ಮೇಲೆ ಟ್ರಂಪೆಟ್ ಒತ್ತಬೇಡಿ.”

ಒಸಡು ಕತ್ತರಿಸಿದ ದಿನ ಅವರು ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದುಕೊಂಡು ಹೊರಗೆ ಬಂದರೆಂದರೆ ಮರುದಿನವೂ ನನ್ನ ಬಳೆಯ ಗುರುತು ಹಾಗೇ ಇತ್ತು. ಮನೆಯಲ್ಲಿ ಬಾಯಮ್ಮ ಗಂಜಿಯನ್ನು ಆರಿಸಿ ಆರಿಸಿ ಕೊಟ್ಟರು. ಉಪ್ಪುನೀರು ಕಾಯಿಸಿ ಮುಕ್ಕಳಿಸಲು ಹಿಂದೆ ನಿಂತರು. ಮಾತಾಡುವಾಗ ಟೆಂಪರರಿ ಕ್ಯಾಪಿನ ಸಂದಿಯಿಂದ ಗಾಳಿ ಹೋಗಿ ‘ಸ’ ಎಂಬ ಅಕ್ಷರ ಸೀಟಿ ಹೊಡೆಯುತ್ತಿತ್ತು. “ಪೀಪಿ ಬಿಟ್ಟರೂ ಊದುವುದು ಬಿಡ್ಲಿಲ್ಲ ನೋಡಿ ಟೀಚರ್” ಎಂದು ಬಾಯಮ್ಮ ನಗಾಡಿದರು. ಬ್ಯಾಂಡಿನವರು ಬಂದು ಗುರಿಕ್ಕಾರನಿಲ್ಲದೆ ಹೇಗೆ ಎಂದು ಕೇಳಿದಾಗ ಪೊರ್ಬುಗಳು ಗ್ರೆಗೋರಿಯನ್ನು ಮುಂದೆ ನಿಲ್ಲಿಸಿದರು. ಈಸ್ಟರಿನ ಮರುದಿನದಿಂದ ಮದುವೆಗಳು ಶುರುವಾದವು. ಬಿಳಿ ಅಂಗಿಗಳು ಮನೆಯ ಮುಂದೆ ವ್ಯಾನು ಹತ್ತಿ ಹೋಗುವುದನ್ನು ಪೊರ್ಬುಗಳು ಚಾವಡಿಯಲ್ಲಿ ಕುಳಿತು ನೋಡುತ್ತಿದ್ದರು. ಮೆಷಿನಿನ ಪೆಡಲು ಮಾತ್ರ ತುಳಿಯುತ್ತಿದ್ದರು. ಸೂಜಿಯ ಕೆಳಗೆ ಬಟ್ಟೆ ಇರುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಬಾಯಮ್ಮನ ಕಾಲುಗಳು ಬಾತವು. ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿ ಕುಳಿತೇ ನಿದ್ದೆ ಮಾಡತೊಡಗಿದರು.

ರಜೆಯಲ್ಲಿ ನಾನು ಕಾಪುವಿನಲ್ಲಿದ್ದೆ. ಒಸಡು ನೋಡಿಸುವ ದಿನ ಮಣಿಪಾಲಕ್ಕೆ ಬರುತ್ತೇನೆಂದು ಮಾತು ಕೊಟ್ಟಿದ್ದರಿಂದ ಹೋದೆ. ಪೊರ್ಬುಗಳ ಹಿಂದೆ ಬಾಯಮ್ಮನೂ ಬಸ್ಸಿನಿಂದ ಇಳಿದದ್ದು ಕಂಡು ನನಗೆ ಗಾಬರಿಯಾಯಿತು. ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು. “ನಾನು ಡಾಕ್ಟರಮ್ಮನ ಹತ್ತಿರ ಮಾತಾಡ್ಲಿಕ್ಕೆ ಉಂಟು” ಎಂದಷ್ಟೇ ಹೇಳಿದರು.

ಡಾಕ್ಟರಮ್ಮ ಒಸಡನ್ನು ಪರೀಕ್ಷಿಸಿ, ಇನ್ನೂ ಒಂದು ತಿಂಗಳು ಹೋಗಲಿ ಎಂದರು. ಆಗ ಬಾಯಮ್ಮ ಮುಂದೆ ಬಂದು ಕೊಂಕಣಿಯಲ್ಲಿ ಮಾತು ತೆಗೆದರು. ಡಾಕ್ಟರಮ್ಮನ ಕೊಂಕಣಿಯೇ ಬೇರೆ, ಬಾಯಮ್ಮನದೇ ಬೇರೆ. ಆದರೂ ಒಬ್ಬರದು ಒಬ್ಬರಿಗೆ ತಿಳಿಯುತ್ತಿತ್ತು. ಅಷ್ಟು ಹೊತ್ತಿಗೆ ನನಗೂ ತಿಳಿಯುತ್ತಿತ್ತು.

“ಮಗಾ, ಇವತ್ತೇ ಹಾಕಿಬಿಡು. ನನ್ನ ಹೃದಯ ಹಾಳಾಗಿದೆ. ಒಂದು ತಿಂಗಳು ಇರ್ತೇನೋ ಇಲ್ವೋ. ಇವರು ಊದುವುದನ್ನು ಒಮ್ಮೆ ಕೇಳಬೇಕು. ಮತ್ತೆ ನನ್ನ ಮರಣಕ್ಕೂ ಇವರೇ ಊದಬೇಕು. ಅಷ್ಟೇ.”

ಡಾಕ್ಟರಮ್ಮನ ಮುಖ ಕೆಂಪಾಯಿತು. ಕೈಯಲ್ಲಿದ್ದ ಕನ್ನಡಿಯನ್ನು ಕೆಳಗಿಟ್ಟು ಕುರ್ಚಿ ಎಳೆದು ಬಾಯಮ್ಮನನ್ನು ಕೂರಿಸಿದರು. ಆಮೇಲೆ ಕೈ ಹಿಡಿದುಕೊಂಡು ನಿಧಾನವಾಗಿ ಹೇಳಿದರು. “ಹಾಕಬಹುದು ಬಾಯಮ್ಮ. ನೀವು ಹೇಳಿದರೆ ಇವತ್ತೇ ಅಳತೆ ತೆಗೀತೇನೆ. ಆದರೆ ಸುಳ್ಳು ಹೇಳ್ಲಿಕ್ಕೆ ಆಗುವುದಿಲ್ಲ. ಒಸಡು ಇನ್ನೂ ನಿಂತಿಲ್ಲ. ಅದು ಮೇಲೆ ಸರಿದರೆ ಕ್ಯಾಪಿನ ಅಂಚು ಹೊರಗೆ ಬರ್ತದೆ, ಅಲ್ಲಿಂದ ಬೇರು ಕೆಡಬಹುದು. ಇವರು ದಿನಾ ಟ್ರಂಪೆಟ್ ಒತ್ತುವವರು. ಒಂದೆರಡು ವರ್ಷದಲ್ಲಿ ಬೇರು ಹೋದರೆ ಮತ್ತೆ ಕ್ಯಾಪ್ ಹಾಕ್ಲಿಕ್ಕೆ ಅಲ್ಲಿ ಎಂತದೂ ಇರುವುದಿಲ್ಲ. ಆಗ ಊದುವುದು ಕಷ್ಟ. ಕಾದರೆ ತುಂಬ ವರ್ಷ ಬಾಳಬಹುದು.”

“ಹಾಕಿ ಡಾಕ್ಟ್ರೇ” ಎಂದರು ಪೊರ್ಬುಗಳು, ಬಾಯಿ ತೆರೆದುಕೊಂಡೇ. “ಎರಡು ವರ್ಷ ಸಾಕು. ಇವತ್ತೇ ಹಾಕಿ.”

ಬಾಯಮ್ಮ ಸೀರೆಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕುಳಿತಿದ್ದರು. ಡಾಕ್ಟರಮ್ಮ ಅವರನ್ನೇ ನೋಡುತ್ತಿದ್ದರು. ಕೊನೆಗೆ ಬಾಯಮ್ಮ ತಲೆ ಎತ್ತಿದರು.

“ಬೇಡ. ಕಾಯುವ.”

“ಕಾರ್ಮಿ, ನೀನು ಸುಮ್ಮನಿರು. ಹಲ್ಲು ನನ್ನದು.”

“ಹಲ್ಲು ನಿಮ್ಮದು. ನಾನು ಹೋದ ಮೇಲೆ ಆ ಮನೆಯಲ್ಲಿ ಪೀಪಿಯೂ ಇಲ್ಲದೆ ಒಬ್ಬರೇ ಎಂತ ಮಾಡ್ತೀರಿ ನೀವು? ಗೋಡೆ ನೋಡ್ತಾ ಕೂತುಕೊಳ್ತೀರಾ?” ಮತ್ತೆ ನನ್ನ ಕಡೆ ತಿರುಗಿದರು. “ಟೀಚರ್, ನೀವು ಕೇಳಿದ್ದೀರಿ. ಡಾಕ್ಟರಮ್ಮ ಹೇಳುವ ತನಕ ಇವರು ಪೀಪಿ ಬಾಯಿಗೆ ಇಡಬಾರದು. ನನ್ನ ಮರಣಕ್ಕೂ ಇಡಬಾರದು. ಗ್ರೆಗೋರಿ ಊದ್ಲಿ. ಹುಂಜ ಕೂಗಿದರೆ ಕೂಗ್ಲಿ. ನನಗೆ ಎಂತ, ಕೇಳ್ತದಾ?”

ಅವರು ನಗಲು ನೋಡಿದರು. ಯಾರೂ ನಗಲಿಲ್ಲ. ಹಿಂದಿರುಗುವ ಬಸ್ಸಿಗೆ ಅವರನ್ನು ಹತ್ತಿಸಿ ನಾನು ಉಡುಪಿಯ ಕಡೆಯ ಬಸ್ಸಿಗೆ ನಿಂತೆ. ಕಿಟಕಿಯ ಬದಿಯಲ್ಲಿ ಬಾಯಮ್ಮ ಕುಳಿತಿದ್ದರು. ಪೊರ್ಬುಗಳು ಅವರ ಕಡೆ ನೋಡದೆ ಬೇರೆ ಕಡೆ ಮುಖ ತಿರುಗಿಸಿದ್ದರು. ಕೋಪ ಬಂದಿತ್ತು ಅವರಿಗೆ, ಹೆಂಡತಿಯ ಮೇಲೆ ನಿಜವಾದ ಕೋಪ. ಅದನ್ನು ನಾನು ಮೊದಲ ಬಾರಿ ಕಂಡದ್ದು.

ಮೇ ತಿಂಗಳ ಕೊನೆಗೆ ಒಂದು ಬೆಳಿಗ್ಗೆ ಬಸ್ಸಿನ ಕಂಡಕ್ಟರೊಬ್ಬ ನಮ್ಮ ಮನೆ ಹುಡುಕಿಕೊಂಡು ಬಂದ. ಕಾರ್ಕಳದಿಂದ ಉಡುಪಿಗೆ ಬಂದ ಬಸ್ಸಿನವನು ಅವನಿಗೆ ಹೇಳಿದ್ದನಂತೆ. “ಟೀಚರಿಗೆ ಹೇಳ್ಬೇಕಂತೆ. ಬಾಯಮ್ಮ ಹೋದ್ರಂತೆ.”

ನಾನು ತಲುಪಿದಾಗ ಅಂಗಳದಲ್ಲಿ ಬಿಳಿ ಅಂಗಿಗಳು ಸಾಲಾಗಿ ನಿಂತಿದ್ದವು. ಒಳಗೆ ಶವಪೆಟ್ಟಿಗೆಯ ಪಕ್ಕದಲ್ಲಿ ಪೊರ್ಬುಗಳು ಟ್ರಂಪೆಟ್ ತೆಗೆದು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಗ್ರೆಗೋರಿ ಅವರ ಭುಜ ಹಿಡಿದಿದ್ದ. “ಬೇಡ ಅಣ್ಣ. ಅತ್ತಿಗೆ ಹೇಳಿದ್ದು ನೆನಪಿಲ್ವಾ?” ಎನ್ನುತ್ತಿದ್ದ. ನನ್ನನ್ನು ಕಂಡದ್ದೇ ಪೊರ್ಬುಗಳು ಎದ್ದು ಬಂದರು.

“ಟೀಚರ್, ನೀವು ಹೇಳಿ ಇವನಿಗೆ. ಒಂದೇ ಹಾಡು. ಮನೆಯಿಂದ ಗೇಟಿನ ತನಕ. ಹಲ್ಲು ಹೋದರೆ ಹೋಗ್ಲಿ.”

ನಾನು ಗ್ರೆಗೋರಿಯ ಮುಖ ನೋಡಿದೆ.

“ಅವಳು ನಿಮ್ಮ ಎದುರಿಗೆ ಹೇಳಿದ್ದಲ್ವಾ? ಹೇಳಿದ್ದು ಹೌದಾ?”

“ಹೌದು ಪೊರ್ಬುಗಳೇ” ಎಂದೆ.

ಅವರು ಟ್ರಂಪೆಟ್ಟನ್ನು ಅದರ ಪೆಟ್ಟಿಗೆಯೊಳಗೆ, ಬಾಯಮ್ಮ ಹೊಲಿದುಕೊಟ್ಟ ನೀಲಿ ಬಟ್ಟೆಯಲ್ಲಿ ಸುತ್ತಿ ಇಟ್ಟರು. ಇಡೀ ದಾರಿ ಬರಿಗೈಯಲ್ಲಿ ನಡೆದರು. ಅದೇ ಏರುದಾರಿ, ಅದೇ ಹಾಡು. ಗ್ರೆಗೋರಿ ಅಳುತ್ತಲೇ ಊದಿದ. ಮೇಲಿನ ಸ್ವರಕ್ಕೆ ಹೋಗುವಾಗ ಅದು ಒಡೆಯಿತು. ಬಾಯಮ್ಮ ಹೇಳಿದ ಹಾಗೆಯೇ. ಪೊರ್ಬುಗಳು ತಟ್ಟನೆ ಶವಪೆಟ್ಟಿಗೆಯ ಕಡೆ ತಿರುಗಿ ನೋಡಿದರು. ಕೇಳಿದೆಯಾ ಎಂದು ಕೇಳುವವರ ಹಾಗೆ. ಆಮೇಲೆ ಅವರನ್ನು ಇಬ್ಬರು ಹಿಡಿದುಕೊಂಡು ಸ್ಮಶಾನದ ತನಕ ನಡೆಸಿದರು.

ಜೂನಿನಲ್ಲಿ ಮಳೆ ಹಿಡಿಯಿತು, ಶಾಲೆ ತೆರೆಯಿತು. ಡಾಕ್ಟರಮ್ಮ ಹೇಳಿದ ಶನಿವಾರ ನಾನೇ ನೆನಪಿಸಿದೆ. ಬರುವುದಿಲ್ಲ ಎನ್ನುತ್ತಾರೆಂದು ಎಣಿಸಿದ್ದೆ. ಒಗೆದ ಅಂಗಿ ಹಾಕಿಕೊಂಡು ಕೊಡೆ ಹಿಡಿದು ಹೊರಟುಬಿಟ್ಟರು. ಒಸಡು ನಿಂತಿತ್ತು. ಗುಲಾಬಿ ಬಣ್ಣಕ್ಕೆ ತಿರುಗಿ ಹಲ್ಲನ್ನು ಅಪ್ಪಿಕೊಂಡಿತ್ತು. ಅಂದು ಅಳತೆ ತೆಗೆದರು, ಎರಡು ವಾರ ಬಿಟ್ಟು ಕ್ಯಾಪ್ ಕೂರಿಸಿದರು. ಪಕ್ಕದ ಹಲ್ಲಿನ ಸಣ್ಣ ಹಳದಿ ಛಾಯೆ ಕೂಡ ಅದಕ್ಕೆ ಬಂದಿತ್ತು. ಯಾವುದು ಹುಟ್ಟಿದ ಹಲ್ಲು, ಯಾವುದು ಮಾಡಿದ್ದು ಎಂದು ನನಗೆ ಗುರುತು ಸಿಗಲಿಲ್ಲ. ಡಾಕ್ಟರಮ್ಮ ಸಂತೋಷದಿಂದ ಕನ್ನಡಿ ಹಿಡಿದರು.

“ಎಲ್ಲಿ, ಒಮ್ಮೆ ನಗಾಡಿ ನೋಡುವ.”

ಪೊರ್ಬುಗಳು ತುಟಿ ಎತ್ತಿ ಹಲ್ಲು ತೋರಿಸಿದರು.

“ಇನ್ನು ನೀವು ಎಷ್ಟು ಬೇಕಾದರೂ ಊದಿ. ಎಲ್ಲಿ, ಬಾಯಮ್ಮ ಬರ್ಲಿಲ್ವಾ? ಅವರಿಗೇ ಮೊದಲು ತೋರಿಸಬೇಕಿತ್ತು. ಅವತ್ತು ಅವರು ಕಾಯುವ ಅಂತ ಹೇಳಿದ್ದಕ್ಕೆ ಇಷ್ಟು ಚಂದ ಆದದ್ದು.”

ನಾನು ನೆಲ ನೋಡಿದೆ. ಪೊರ್ಬುಗಳು ಕನ್ನಡಿಯನ್ನು ಡಾಕ್ಟರಮ್ಮನ ಕೈಗೆ ಮರಳಿಸಿದರು.

“ಮಳೆ ಅಲ್ವಾ ಡಾಕ್ಟ್ರೇ. ಮನೆಯಲ್ಲೇ ಇದ್ದಾಳೆ” ಎಂದರು. “ನಿಮಗೆ ನಮಸ್ಕಾರ ಹೇಳ್ಲಿಕ್ಕೆ ಹೇಳಿದ್ದಾಳೆ.”

ಹೊರಗೆ ಬಸ್ಸಿಗೆ ಕಾಯುವಾಗ ನನ್ನಿಂದ ತಡೆಯಲಾಗಲಿಲ್ಲ. ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ. ಅವರು ಕೊಡೆಯನ್ನು ನನ್ನ ಕಡೆಗೆ ವಾಲಿಸಿ ತಮ್ಮ ಭುಜವನ್ನು ಮಳೆಗೆ ಬಿಟ್ಟು ನಿಂತಿದ್ದರು. ಬೆರಳುಗಳು ಕೊಡೆಯ ಹಿಡಿಯ ಮೇಲೆ ಅಲುಗಾಡದೆ ಇದ್ದವು.

“ಆ ಹುಡುಗಿ ಕೆಲಸ ಸರಿಯಾಗಿ ಮಾಡಿದೆ ಟೀಚರ್. ಅದಕ್ಕೆ ಯಾಕೆ ಬೇಜಾರು ಮಾಡುವುದು? ನಾಳೆ ಇನ್ನೊಬ್ಬರು ಬಂದು ಅವಸರ ಮಾಡಿದರೆ ಅವಳ ಕೈ ನಡುಗಬಾರದು.”

ಅವರು ಮತ್ತೆ ಬ್ಯಾಂಡಿನ ಮುಂದೆ ನಿಂತರು. ಮದುವೆಗೂ ಊದಿದರು, ಮರಣಕ್ಕೂ ಊದಿದರು. ಎಂಬತ್ತನಾಲ್ಕರಲ್ಲಿ ನನಗೆ ಕಾಪುವಿನ ಶಾಲೆಗೆ ವರ್ಗವಾಯಿತು, ಮರುವರ್ಷ ಮದುವೆಯಾಯಿತು. ದಿಬ್ಬಣದ ಮುಂದೆ ಪೊರ್ಬುಗಳೇ ಇದ್ದರು. ಅವರು ತೀರಿಕೊಂಡಾಗ ನಾನು ಬಾಣಂತಿ, ಹೋಗಲಾಗಲಿಲ್ಲ. ಮಲಗಿದಲ್ಲೇ ಹೃದಯ ನಿಂತಿತಂತೆ. ಆ ಹಲ್ಲು ಕೊನೆಯ ತನಕ ಗಟ್ಟಿಯಾಗಿಯೇ ಇತ್ತೆಂದು ಗ್ರೆಗೋರಿ ಆಮೇಲೆ ಹೇಳಿದ.

ಹಾಗಾಗಿ ನನ್ನ ಪಾಲಿಗೆ ಕೊನೆಯ ಭೇಟಿ ಎಂದರೆ ಅದಕ್ಕೂ ಒಂದು ವರ್ಷ ಹಿಂದಿನದು. ಪಡುಬಿದ್ರಿಯಲ್ಲಿ ಒಂದು ಮದುವೆ ಮುಗಿಸಿಕೊಂಡು ಅವರೊಬ್ಬರೇ ನಮ್ಮ ಮನೆಗೆ ಬಂದಿದ್ದರು. ಇಳಿ ಹೊತ್ತು. ಚಾ ಕುಡಿದು ಸಮುದ್ರದ ಕಡೆಯ ಜಗಲಿಯಲ್ಲಿ ಕುಳಿತೆವು. ಟ್ರಂಪೆಟ್ಟಿನ ಪೆಟ್ಟಿಗೆ ಕಾಲಬುಡದಲ್ಲಿತ್ತು. ನನ್ನ ಅತ್ತೆಗೆ ಅವರ ಬಗ್ಗೆ ಎಷ್ಟೋ ಹೇಳಿದ್ದೆ. ಒಂದು ಹಾಡು ಊದಿ ಪೊರ್ಬುಗಳೇ ಎಂದು ಕೇಳಿಕೊಂಡೆ.

ಅವರು ತಲೆ ಅಲ್ಲಾಡಿಸಿದರು. “ಮನೆಯಲ್ಲಿ ಊದುವುದು ಬಿಟ್ಟಿದ್ದೇನೆ ಟೀಚರ್. ಬ್ಯಾಂಡಿನಲ್ಲಾದರೆ ಮೆರವಣಿಗೆ ನಿಂತಲ್ಲಿಗೆ ನಿಲ್ಲಿಸ್ತೇವೆ. ಮನೆಯಲ್ಲಿ ಹಾಗಲ್ಲ. ಮನೆಯಲ್ಲಿ ಊದ್ತಾ ಇದ್ದರೆ ಒಳಗಿನಿಂದ ಅವಳು ‘ಸಾಕು, ಊಟಕ್ಕೆ ಬನ್ನಿ’ ಹೇಳ್ತಿದ್ದಳು. ಆಗ ನಿಲ್ಲಿಸುತ್ತಿದ್ದೆ.” ಕಾಲಬುಡದ ಪೆಟ್ಟಿಗೆಯನ್ನು ಸ್ವಲ್ಪ ಬದಿಗೆ ಸರಿಸಿದರು. “ಕ್ಯಾಪ್ ಹಾಕಿದ ದಿನ ಮನೆಗೆ ಹೋಗಿ ಊದಿದೆ. ನಿಲ್ಲಿಸುವುದು ಯಾವಾಗ ಅಂತ ಗೊತ್ತಾಗ್ಲಿಲ್ಲ. ಕತ್ತಲಾಯ್ತು, ತುಟಿ ಒಡೆಯಿತು, ಆದರೂ ಊದಿದೆ. ಕೊನೆಗೆ ಗ್ರೆಗೋರಿ ಬಂದು ಕೈಯಿಂದ ಕಿತ್ತುಕೊಂಡ.”

ಕಾರ್ಕಳಕ್ಕೆ ಹೋಗಬೇಕಾದರೆ ಉಡುಪಿಯಲ್ಲಿ ಬಸ್ಸು ಬದಲಿಸಬೇಕು, ತಡವಾಗ್ತದೆ ಎಂದು ಎದ್ದರು. ನಾನು ಹೆದ್ದಾರಿಯ ತನಕ ಜೊತೆಗೆ ಹೋದೆ. ಬಸ್ಸು ಬೇಗನೆ ಬಂತು.